ಸರಾಸರಿ ಮೇಷ್ಟ್ರು ಕೇಳಿದ್ದು

ಸಂಖ್ಯಾಶಾಸ್ತ್ರ ವಿಭಾಗದ ಮೇಷ್ಟ್ರಿಗೆ ಸರಾಸರಿ ಎಂದು ಹೆಸರಿಟ್ಟವರು ಅವರ ವಿದ್ಯಾರ್ಥಿಗಳೇ. ಎತ್ತರ ಸರಾಸರಿ, ಮೈಕಟ್ಟು ಸರಾಸರಿ, ಕೂದಲು ಉದುರಿದ್ದೂ ಆ ವಯಸ್ಸಿಗೆ ಎಷ್ಟು ಉದುರಬೇಕೋ ಅಷ್ಟೇ. ಮೇಷ್ಟ್ರು ಇದನ್ನು ಅವಮಾನವೆಂದು ತಿಳಿದವರಲ್ಲ. ಈ ಜಗತ್ತು ನಿಂತಿರುವುದೇ ಸರಾಸರಿಯ ಮೇಲೆ ಎಂದು ಪಾಠ ಮಾಡುವವರು ಆ ಹೆಸರಿಗೆ ಮುನಿಸಿಕೊಂಡರೆ ಶಾಸ್ತ್ರಕ್ಕೇ ಅಪಚಾರ.

ಒಂದು ವಿಷಯದಲ್ಲಿ ಮಾತ್ರ ಅವರು ಸರಾಸರಿಗಿಂತ ಎಷ್ಟೋ ಮೇಲಿದ್ದರು. ಅದು ಹೂಂಗುಟ್ಟುವುದರಲ್ಲಿ.

ಅವರ ಹೂಂ ಎಲ್ಲರ ಹೂಂನಂತಲ್ಲ. ಎದುರಿನವರ ಮಾತು ಇಳಿದಾಗ ಗಿಡ್ಡ ಹೂಂ, ಏರಿದಾಗ ಉದ್ದ ಹೂಂ, ಪ್ರಶ್ನೆಯ ವಾಸನೆ ಬಂದರೆ 'ಹೂಂ, ನೋಡೋಣ'. ಒಂದೂ ತಪ್ಪದಂತೆ ಬರುತ್ತಿತ್ತು. ಮೇಷ್ಟ್ರ ಮನಸ್ಸು ಆಗ ಯಾವುದೋ ಕೋಷ್ಟಕದ ಯಾವುದೋ ಮನೆಯಲ್ಲಿ ಸುತ್ತಾಡುತ್ತಿದ್ದರೂ ಹೂಂ ಮಾತ್ರ ನಂಬಿಕೆಯ ಆಳಿನಂತೆ ಮನೆಯಲ್ಲೇ ಇದ್ದು ಯಜಮಾನರ ಪರವಾಗಿ ವ್ಯವಹಾರ ನೋಡಿಕೊಳ್ಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರ ಹೆಂಡತಿ, 'ನಮ್ಮವರು ಎಷ್ಟು ಸಮಾಧಾನದಿಂದ ಕೇಳ್ತಾರೆ' ಎಂದು ತವರಿನಲ್ಲಿ ಹೇಳಿಕೊಂಡು ಬೀಗಿದ್ದುಂಟು. ಆಮೇಲೆ ಒಂದು ದಿನ ಪರೀಕ್ಷೆಗೆಂದು, 'ರೀ, ಇವತ್ತು ಸೂರ್ಯ ಹುಟ್ಟಲೇ ಇಲ್ಲ' ಎಂದಳು. ಅದಕ್ಕೂ ಗಿಡ್ಡ ಹೂಂ ಬಂತು. ಬೀಗುವುದು ಅಲ್ಲಿಗೆ ನಿಂತಿತು.

ಹೀಗಿರುವಾಗ ವಿಶ್ವವಿದ್ಯಾಲಯಕ್ಕೆ ಸಾಮಾನ್ಯ ಶಿಕ್ಷಣದ ಹುಕಿ ಹತ್ತಿತು. ವೈದ್ಯನಾಗುವವನಿಗೆ ಚಿತ್ರಕಲೆ ಸ್ವಲ್ಪ ಗೊತ್ತಿರಲಿ, ಎಂಜಿನಿಯರಿಗೆ ಇತಿಹಾಸ ಇಷ್ಟಾದರೂ ಇರಲಿ ಎಂದು ಮೇಲಿನವರಿಗೆ ಅನಿಸಿ, ಪ್ರತಿಯೊಂದು ವಿಭಾಗವೂ ಎಲ್ಲರೂ ಓದಬಹುದಾದ ಒಂದು ಕೋರ್ಸನ್ನು ತಯಾರಿಸಿ ಸಮಿತಿಯಿಂದ ಒಪ್ಪಿಗೆ ಪಡೆಯಬೇಕೆಂದು ಆದೇಶ ಬಂತು. ಒಪ್ಪಿಗೆ ಸಿಗದ ಸಣ್ಣ ವಿಭಾಗಗಳನ್ನು ದೊಡ್ಡವುಗಳೊಂದಿಗೆ ಸೇರಿಸಲಾಗುವುದು ಎಂದು ಕೊನೆಯ ಸಾಲು.

ಸಂಖ್ಯಾಶಾಸ್ತ್ರ ವಿಭಾಗ ಎಂದರೆ ಒಬ್ಬ ಮೇಷ್ಟ್ರು, ಒಂದು ಬೀರು, ಆಟದ ಮೈದಾನದ ಕಡೆಗೆ ತೆರೆಯುವ ಒಂದು ಕಿಟಕಿ. ಅದನ್ನು ಯಾವುದರೊಂದಿಗೆ ಸೇರಿಸುತ್ತಾರೆಂದು ಕೇಳಬೇಕಾಗಿರಲಿಲ್ಲ. ನೆಲಮಾಳಿಗೆಯ ಪರೀಕ್ಷಾ ವಿಭಾಗದ ಅಧಿಕಾರಿಗಳು ಆಗಲೇ ಒಂದು ಕುರ್ಚಿಯ ಧೂಳು ಒರೆಸಿಟ್ಟಿದ್ದರು. ಬೆಂಚುಗಳ ಮೇಲೆ ನಂಬರು ಬರೆಯಲು, ಯಾರ ಪಕ್ಕ ಯಾರನ್ನು ಕೂರಿಸಿದರೆ ನಕಲು ಕಡಿಮೆ ಎಂದು ಲೆಕ್ಕ ಹಾಕಲು ಅವರಿಗೆ ಬಹಳ ದಿನದಿಂದ ಒಬ್ಬ ಆಳು ಬೇಕಾಗಿತ್ತು. ಈ ಅಧಿಕಾರಿಗಳು ಯಾವ ಮಾತನ್ನೂ 'ಆದರೆ' ಎಂದೇ ಶುರುಮಾಡುವವರಾದ್ದರಿಂದ ಎಲ್ಲರೂ ಅವರನ್ನು ಆದರೆ ಸಾಹೇಬರು ಎನ್ನುತ್ತಿದ್ದರು.

'ಆದರೆ ಮೇಷ್ಟ್ರೇ, ನೆಲಮಾಳಿಗೇಲಿ ಒಂದು ಅನುಕೂಲ,' ಎಂದರು ಅವರು ಮೆಟ್ಟಿಲ ಬಳಿ ಸಿಕ್ಕಾಗ. 'ಕಿಟಕಿ ಇಲ್ಲ. ಗಮನ ಆಚೀಚೆ ಹೋಗಲ್ಲ.'

ಆ ಕಿಟಕಿಯೇ ಮೇಷ್ಟ್ರ ಪ್ರಾಣ. ಮೈದಾನದಲ್ಲಿ ಓಡುವ ಹುಡುಗ ಹುಡುಗಿಯರನ್ನು ನೋಡುತ್ತ, ಯಾರು ಎಡವುತ್ತಾರೆಂದು ಮನಸ್ಸಿನಲ್ಲೇ ಸಂಭವನೀಯತೆ ಲೆಕ್ಕ ಹಾಕುತ್ತ ಅವರು ಅರ್ಧ ಆಯುಷ್ಯ ಕಳೆದಿದ್ದರು. ನೆಲಮಾಳಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಗೆ ಬಂದು ಒಂದು ವಾರ ಕೂತು ಕೋರ್ಸು ಬರೆದರು. ಅದಕ್ಕೆ ಅವರಿಟ್ಟ ಶೀರ್ಷಿಕೆ: 'ಮಾದರಿ ಸಮೀಕ್ಷೆಗಳಲ್ಲಿ ಪ್ರಶ್ನಾವಳಿಯ ರಚನೆ ಮತ್ತು ಸಾರ್ವಜನಿಕರಲ್ಲಿ ಪ್ರಶ್ನೆಗಳನ್ನು ಕ್ರಮಬದ್ಧವಾಗಿ ಕೇಳುವುದು ಹೇಗೆ ಎಂಬುದರ ಪರಿಚಯ'.

ಡೀನ್ ಮೇಡಂ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಮೊದಲ ಎರಡು ಪದ ಓದಿ, ಉಳಿದದ್ದರ ಉದ್ದ ಮಾತ್ರ ನೋಡಿದರು.

'ಮೇಷ್ಟ್ರೇ, ಇದು ಶೀರ್ಷಿಕೆಯಾ, ಗೂಡ್ಸ್ ರೈಲಾ?'

'ವಿಷಯ ಸ್ಪಷ್ಟ ಇರ್ಲಿ ಅಂತ ಮೇಡಂ.'

'ಹುಡುಗ್ರು ಎಂಜಿನ್ ನೋಡಿದ ತಕ್ಷಣ ಓಡಿಹೋಗ್ತಾರೆ. ಕೊನೇ ಬೋಗಿವರೆಗೂ ಯಾರು ಕಾಯ್ತಾರೆ? ಬೋಗಿ ಬಿಚ್ಚಿ.'

ಮೇಷ್ಟ್ರು ಅಲ್ಲೇ ಕೂತು ಬಿಚ್ಚತೊಡಗಿದರು. ಮಾದರಿ ಹೋಯಿತು, ಸಮೀಕ್ಷೆ ಹೋಯಿತು, ಸಾರ್ವಜನಿಕರು ಹೋದರು. ಮೇಡಂ 'ಇನ್ನೂ, ಇನ್ನೂ' ಎನ್ನುತ್ತಿದ್ದ ಭರದಲ್ಲಿ ಪ್ರಶ್ನೆಗಳೂ ಕಳಚಿಕೊಂಡವು. ಹಳಿಯ ಮೇಲೆ ಕೊನೆಗೆ ಉಳಿದದ್ದು ಎರಡೇ ಪದ: 'ಕೇಳುವುದು ಹೇಗೆ'.

'ಈಗ ನೋಡಿ, ಎಷ್ಟು ಚೆನ್ನಾಗಿದೆ,' ಎಂದರು ಮೇಡಂ.

ಒಳಗಿನ ಪುಟಗಳಲ್ಲಿ ಎಲ್ಲವೂ ವಿವರವಾಗಿಯೇ ಇತ್ತು. ಆದರೆ ಸಮಿತಿ ಎಂದಮೇಲೆ ಒಳಗಿನ ಪುಟ ಓದುವ ಕೆಟ್ಟ ಅಭ್ಯಾಸ ಯಾರಿಗೂ ಇರುವುದಿಲ್ಲ.

ಆ ಸಂಜೆ ಮೇಷ್ಟ್ರು ಊಟದ ಮೇಜಿನ ಮೇಲೆ ತಮ್ಮ ಹಾಳೆಗಳನ್ನು ಹರಡಿಕೊಂಡರು. ಫ್ಯಾನಿನ ಗಾಳಿಗೆ ಹಾರದಂತೆ ಏನಾದರೂ ಇಡಬೇಕೆಂದು ನೋಡಿದರೆ ಅಲ್ಲೇ ಒಂದು ಕಲ್ಲು. ಬೆಳ್ಳಗೆ, ಅಂಚಿನಲ್ಲಿ ಮಿಣಮಿಣ ಎನ್ನುವ ಕಲ್ಲು. ಈಚೆಗೆ ಮನೆಯಲ್ಲಿ ಇಂಥ ಕಲ್ಲುಗಳು ಬೇಕಾದಷ್ಟು ಕಾಣುತ್ತಿದ್ದವು, ಕಿಟಕಿಯ ಕಟ್ಟೆಯ ಮೇಲೆ, ಟಿವಿಯ ಪಕ್ಕ, ಒಮ್ಮೆ ಅವರ ಚಪ್ಪಲಿಯೊಳಗೂ. ಮನೆ ಎಂದಮೇಲೆ ಕಲ್ಲು ಇರುತ್ತವೆ ಎಂದುಕೊಂಡು ಮೇಷ್ಟ್ರು ಅದನ್ನೇ ಹಾಳೆಗಳ ಮೇಲಿಟ್ಟರು.

ಹೆಂಡತಿ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಏನೋ ಹೇಳುತ್ತಿದ್ದಳು. ಏನು ಹೇಳಿದಳೆಂದು ಇಲ್ಲಿ ಬರೆಯಬಹುದಾಗಿತ್ತು. ಆದರೆ ಈ ಕಥೆ ಮೇಷ್ಟ್ರ ಕಿವಿಯ ಪಕ್ಕದಲ್ಲೇ ಕೂತು ಹೇಳುತ್ತಿರುವಂಥದ್ದು. ಅವರಿಗೆ ಕೇಳಿಸದ್ದು ನಮಗೂ ಕೇಳಿಸಲಿಲ್ಲ.

'ಹೂಂ,' ಎಂದರು ಮೇಷ್ಟ್ರು.

'ಕೇಳಿದ್ರಾ?'

'ಕೇಳಿದೆನಲ್ಲ.'

'ಏನು ಕೇಳಿದ್ರಿ?'

'ಏನು ಹೇಳ್ದೆ ಅಂತ ಕೇಳಿದೆ.'

ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಬೂಟು ಹಾಕಿದ್ದಾಳೆ, ಸಂಜೆಯಾಗಿದೆ, ಅಂದರೆ ವಾಕಿಂಗ್, ಎಂದು ಮೇಷ್ಟ್ರು ಲಭ್ಯ ಅಂಕಿಅಂಶಗಳಿಂದ ತೀರ್ಮಾನಿಸಿದರು. ಹಿತ್ತಿಲ ಕಡೆಯಿಂದ ನಾಯಿಯೊಂದು ಬೊಗಳಿತು. ಅತ್ತೆಯವರು ಒಳಗಿನಿಂದ ಬಂದು, 'ಅಳಿಯಂದ್ರೇ, ನಾನು ಅವತ್ತು ಹೇಳಿದ್ನಲ್ಲ' ಎಂದು ಇನ್ನೇನೋ ಹೇಳಿದರು. ಅದಕ್ಕೆ ಒಂದು ಉದ್ದ ಹೂಂ ಸಂದಿತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಗಡ್ಡಕ್ಕೆ ನೊರೆ ಹಚ್ಚಿಕೊಂಡಿದ್ದಾಗ ಹೆಂಡತಿಯ ಫೋನು ಬಡಿದುಕೊಂಡಿತು. ಅವಳು 'ಹೌದು ಮೇಡಂ, ಬರ್ತೀನಿ ಮೇಡಂ' ಎಂದಳು. ಆಮೇಲೆ 'ಯಾರು?' ಎಂದಳು. ಆಮೇಲೆ 'ನಮ್ಮನೆಯವರಾ?' ಎಂದಳು. ಮೇಷ್ಟ್ರು ಇಣುಕಿ ನೋಡಿದರೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಟ್ಟೆ ಒತ್ತಿಕೊಂಡು, ಸದ್ದಿಲ್ಲದೆ ನಗುತ್ತಿದ್ದಾಳೆ.

'ಯಾರದು?'

'ಡೀನ್ ಮೇಡಂ.'

ಡೀನ್ ಮೇಡಂ ನನಗೆ ಮಾಡುವುದು ಬಿಟ್ಟು ನಿನಗೇಕೆ ಫೋನ್ ಮಾಡಿದರು? ಕೇಳುವ ಶಾಸ್ತ್ರದಲ್ಲಿ ಪಂಡಿತರಾದವರು ಕೇಳಬೇಕಾಗಿದ್ದ ಪ್ರಶ್ನೆ ಇದು. ಮೇಷ್ಟ್ರು ಕೇಳಿದ್ದು ಬೇರೆ.

'ನನ್ನ ಕೋರ್ಸು ಏನಾಯ್ತಂತೆ?'

'ಮೊದಲನೇ ಸುತ್ತು ದಾಟಿತಂತೆ. ಇಡೀ ಯೂನಿವರ್ಸಿಟಿಗೆ ನೀವು ಕೇಳೋದು ಹೇಗೆ ಅಂತ ಕಲಿಸ್ತೀರಂತೆ. ಇನ್ನೊಬ್ಬರ ಮಾತನ್ನ ಕಿವಿಗೊಟ್ಟು, ಮನಸ್ಸಿಟ್ಟು ಕೇಳೋದು. ಈ ಕಾಲಕ್ಕೆ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ ಅಂದ್ರು. ಇಂಥ ಗಂಡನ ಜೊತೆ ಬಾಳೋಕೆ ಪುಣ್ಯ ಮಾಡಿರ್ಬೇಕು ಅಂದ್ರು.' ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಮತ್ತೆ ಉಸಿರು ಸಾಲದಾಯಿತು.

'ಅಯ್ಯೋ, ಅದಲ್ಲ ಕಣೇ. ಕೇಳೋದು ಅಂದ್ರೆ ಪ್ರಶ್ನೆ ಕೇಳೋದು.'

'ಹಾಗಂತ ನೀವು ಬರೆದಿಲ್ಲವಲ್ಲ.'

'ಬೋಗಿ ಬಿಚ್ಚಿಬಿಟ್ಟೆ.'

ಅತ್ತೆಯವರು ಕಾಫಿ ಲೋಟ ಹಿಡಿದು ಬಂದರು. 'ಕೇಳೋದು ಕಲಿಸ್ತಾರಾ ಅಳಿಯಂದ್ರು? ಒಳ್ಳೇದೇ ಆಯ್ತು. ನಮ್ಮನೆ ಯಜಮಾನ್ರೂ ಸಾಯೋತನಕ ಯಾರ ಮಾತೂ ಕೇಳ್ಲಿಲ್ಲ. ವೈದ್ಯರ ಮಾತೂ ಕೇಳ್ಲಿಲ್ಲ. ಹೇಳಿದ ಹಾಗೆ ಕೇಳೋರು ಈಗ ಎಲ್ಲಿದ್ದಾರೆ?'

ಒಂದೇ ಪದ ಅತ್ತೆಯವರ ಬಾಯಲ್ಲಿ ಮೂರನೇ ಅರ್ಥಕ್ಕೆ ಹೊರಳಿದ್ದನ್ನು ಕಂಡು ಮೇಷ್ಟ್ರಿಗೆ ನೊರೆಯೊಳಗೇ ಬೆವರು ಬಂತು. ಇವತ್ತೇ ಹೋಗಿ ಸರಿಪಡಿಸಿಬಿಡಬೇಕು ಎಂದು ಗಡ್ಡದ ಅರ್ಧ ಭಾಗ ಮಾತ್ರ ಕೆರೆದು ಹೊರಟರು.

ಗೇಟಿನ ಬಳಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾದು ನಿಂತಿದ್ದರು. ಸುದ್ದಿ ಕಾಂಪೌಂಡು ಹಾರಿ ಆಗಲೇ ಅವರನ್ನು ತಲುಪಿತ್ತು.

'ಮೇಷ್ಟ್ರೇ, ನೀವು ಕೇಳೋರಂತೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಹೇಳಲೇ ಇಲ್ಲವಲ್ಲ.'

'ಡಾಕ್ಟ್ರೇ, ಅದು—'

'ನನ್ನ ಕಷ್ಟ ಯಾರಿಗೆ ಹೇಳ್ಲಿ? ಬೆಳಿಗ್ಗೆಯಿಂದ ಸಂಜೆವರೆಗೂ ಮಾತಾಡ್ತೀನಿ. ಎದುರಿಗಿರೋರೆಲ್ಲ ಬಾಯಿ ತೆಗೆದುಕೊಂಡೇ ಇರ್ತಾರೆ, ಒಬ್ಬರೂ ಉತ್ತರ ಕೊಡಲ್ಲ. ಕೊಡೋಕಾಗಲ್ಲ. ಬಾಯಿ ಮುಚ್ಚಿದ ತಕ್ಷಣ ಎದ್ದು ಹೋಗಿಬಿಡ್ತಾರೆ.'

ಡಾಕ್ಟರು ಗೇಟಿಗೆ ಒರಗಿ ನಿಂತರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೇಷ್ಟ್ರು ಹೂಂ ಎನ್ನಬೇಕೆಂದಿದ್ದರು. ಆದರೆ ಗಂಟಲಿನಲ್ಲಿ ಒಂದು ವಾರದಿಂದ ತುಂಬಿಕೊಂಡಿದ್ದ ಪ್ರಶ್ನಾವಳಿ ತಾನಾಗಿ ಹೊರಗೆ ಬಂತು.

'ಈ ಬೇಜಾರು ನಿಮಗೆ ಯಾವಾಗಿನಿಂದ?'

ಡಾಕ್ಟರು ಬಾಯಿ ತೆರೆದರು. ಅವರ ವೃತ್ತಿಜೀವನದಲ್ಲಿ ಆ ಕಡೆಯವರು ಪ್ರಶ್ನೆ ಕೇಳಿ ಈ ಕಡೆಯವರ ಬಾಯಿ ತೆರೆಸಿದ್ದು ಅದೇ ಮೊದಲು.

'ಹೆಚ್ಚಾಗೋದು ವಾರದ ಯಾವ ದಿನ? ಒಂದರಿಂದ ಐದರವರೆಗೆ ಅಂಕ ಕೊಡೋದಾದ್ರೆ ಎಷ್ಟು ಕೊಡ್ತೀರಿ?'

ಡಾಕ್ಟರು ಆಕಾಶ ನೋಡಿದರು. 'ಐದು ಅಂದುಕೊಂಡಿದ್ದೆ ಮೇಷ್ಟ್ರೇ. ಈಗ ನೋಡಿದ್ರೆ ಮೂರು ಅನ್ಸುತ್ತೆ.' ಅವರ ಮುಖ ಬೆಳಗಿತು. 'ಬರೀ ಮೂರು. ಇಷ್ಟಕ್ಕೆ ನಾನು ಇಷ್ಟು ಒದ್ದಾಡ್ತಿದ್ನಾ?' ಎಂದು ಮೇಷ್ಟ್ರ ಕೈ ಹಿಡಿದು ಕುಲುಕಿ, ಹಲ್ಲುನೋವು ಯಾವಾಗ ಬಂದರೂ ಬನ್ನಿ ಎಂದು ಹೇಳಿ ಹೋದರು.

ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಕೋಣೆಯ ಮುಂದೆ ಬೆಂಚು ತಂದು ಹಾಕಿದ್ದರು. ಬೆಂಚಿನ ಮೇಲೆ ಜನ. ಮೊದಲು ಒಳಗೆ ಬಂದವರು ಗ್ರಂಥಪಾಲಕಿ. ಕೆಲಸಕ್ಕೆ ಸೇರಿದಂದಿನಿಂದ 'ಶ್' ಎಂಬ ಒಂದೇ ಅಕ್ಷರದಲ್ಲಿ ಸಂಸಾರ ನಡೆಸಿದ ಆಕೆ ಬಾಗಿಲು ಮುಚ್ಚಿಕೊಂಡು, ಕುರ್ಚಿ ಎಳೆದುಕೊಂಡು, ಮಾತಿನ ಅಣೆಕಟ್ಟಿನ ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ಎತ್ತಿಬಿಟ್ಟರು. ನಡುವೆ ನುಗ್ಗಿ 'ಮೇಡಂ, ಒಂದು ತಪ್ಪು ತಿಳುವಳಿಕೆಯಾಗಿದೆ' ಎನ್ನಲು ಮೇಷ್ಟ್ರು ಬಾಯಿ ತೆರೆದಾಗೆಲ್ಲ ಆಕೆ ಅಭ್ಯಾಸಬಲದಿಂದ 'ಶ್' ಎಂದರು. ಕೊನೆಗೆ ಮೇಷ್ಟ್ರಿಗೆ ಗತಿಯಿಲ್ಲದೆ, 'ನೀವು ಹೇಳಿದ್ದರಲ್ಲಿ ಅತಿ ಮುಖ್ಯವಾದದ್ದು ಯಾವುದು, ಅದನ್ನ ಮೊದಲನೇದಾಗಿ ಇಡಿ' ಎನ್ನಬೇಕಾಯಿತು. ಆಕೆ ಯೋಚಿಸಿ, ಮೊದಲನೆಯದಾಗಿ ತನಗೆ ಹಾಡು ಬರುತ್ತದೆ, ಯಾರಿಗೂ ಗೊತ್ತಿಲ್ಲ, ಎಂದರು. ಎರಡನೆಯದು ಮೂರನೆಯದು ಇರಲಿಲ್ಲ. ಗುನುಗುತ್ತ ಹೋದರು.

ಹೀಗೆ ಒಬ್ಬರಾದ ಮೇಲೆ ಒಬ್ಬರು. ಮೇಷ್ಟ್ರು ತಪ್ಪಿಸಿಕೊಂಡು ಡೀನ್ ಮೇಡಂ ಕೋಣೆ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

'ಮೇಡಂ, ನನ್ನ ಕೋರ್ಸಿನ ವಿಷಯ ಒಂದು ಮಾತು ಹೇಳ್ಬೇಕು.'

'ಹೇಳಿ ಹೇಳಿ. ನಿಮ್ಮಂಥೋರು ಮಾತಾಡೋದೇ ಅಪರೂಪ,' ಎಂದ ಮೇಡಂ, ಮುಂದೆ ತಾವೇ ಮಾತಾಡಿದರು. ನಾಳೆ ಕೊನೆಯ ಸಭೆ. ಕುಲಪತಿಗಳಿಗೂ ಸುದ್ದಿ ಹೋಗಿದೆ. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಆದರೆ ಸಾಹೇಬರೂ ಒಪ್ಪಿದ್ದಾರೆ. 'ಹುಡುಗ್ರು ಹೇಳಿದ ಮಾತು ಕೇಳೋದನ್ನ ಕಲೀಲಿ, ಒಳ್ಳೇದೇ, ಅಂದ್ರು. ಅವರ ಬಾಯಲ್ಲಿ ಆದರೆ ಇಲ್ಲದ ವಾಕ್ಯ ನಾನು ಕೇಳಿದ್ದು ಇದೇ ಮೊದಲು. ನೀವೇನೋ ಹೇಳೋಕೆ ಬಂದ್ರಿ?'

ಮೇಷ್ಟ್ರ ಕಣ್ಣ ಮುಂದೆ ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಧೂಳು ಒರೆಸಿದ ಕುರ್ಚಿ ಬಂದು ನಿಂತವು.

'ಏನಿಲ್ಲ ಮೇಡಂ. ಥ್ಯಾಂಕ್ಸ್ ಅಂತ.'

ಸಭೆ ಉದ್ದನೆಯ ಮೇಜಿನ ಕೋಣೆಯಲ್ಲಿ. ಒಂದು ತುದಿಗೆ ಡೀನ್ ಮೇಡಂ, ಅವರ ಎಡಕ್ಕೆ ಆದರೆ ಸಾಹೇಬರು, ಬಲಕ್ಕೆ ಭಾಷಾ ವಿಭಾಗದ ಹಿರಿಯರು. ಈ ಹಿರಿಯರಿಗೆ ವ್ಯಾಕರಣ ಎಂದು ಹೆಸರು. ಮದುವೆಯ ಕಾಗದದಲ್ಲೂ ಕಾಗುಣಿತ ತಿದ್ದಿ ಹಿಂದಕ್ಕೆ ಕಳಿಸುವವರು. ಒಂದು ಕುರ್ಚಿ ಖಾಲಿಯಿತ್ತು. ಸಂಜೆ ಕಾಲೇಜಿನ ವಿದ್ಯಾರ್ಥಿ ಪ್ರತಿನಿಧಿ ಇನ್ನೂ ಬಂದಿಲ್ಲ, ಬಸ್ಸು ತಡವಂತೆ, ಎಂದರು ಮೇಡಂ. ಮೇಷ್ಟ್ರು ಮೇಜಿನ ಇನ್ನೊಂದು ತುದಿಯಲ್ಲಿ ನಿಂತು ತಮ್ಮ ಹಾಳೆಗಳನ್ನು ಇಟ್ಟು, ಅವುಗಳ ಮೇಲೆ ಮನೆಯಿಂದ ಚೀಲದಲ್ಲಿ ಹೇಗೋ ಬಂದಿದ್ದ ಕಲ್ಲನ್ನು ಇಟ್ಟರು.

ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ವ್ಯಾಕರಣದವರು ಗಂಟಲು ಸರಿಮಾಡಿಕೊಂಡರು.

'ಒಂದು ಸಣ್ಣ ಸಂದೇಹ. ಕೇಳು ಎಂಬ ಧಾತುವಿಗೆ ಅರ್ಥ ಹಲವು. ಆಲಿಸುವುದು ಒಂದು. ವಿಧೇಯವಾಗಿರುವುದು ಒಂದು. ಪ್ರಶ್ನಿಸುವುದು ಒಂದು. ಮೇಷ್ಟ್ರ ಉದ್ದೇಶ ಯಾವುದು?'

'ಆಲಿಸೋದು,' ಎಂದರು ಡೀನ್ ಮೇಡಂ.

'ಆದರೆ, ವಿಧೇಯವಾಗಿರೋದು,' ಎಂದರು ಆದರೆ ಸಾಹೇಬರು.

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ಹೇಳಿದರೆ ಎಷ್ಟು ಜನ ನಂಬಬಹುದೆಂದು ಲೆಕ್ಕ ಹಾಕುವಷ್ಟರಲ್ಲಿ ಸಮಯ ಮೀರಿಹೋಗುತ್ತದೆ.

'ಪ್ರಶ್ನಿಸೋದು,' ಎಂದರು ಸಣ್ಣ ದನಿಯಲ್ಲಿ.

ಆದರೆ ಸಾಹೇಬರ ಕೈಯಲ್ಲಿದ್ದ ಬಿಸ್ಕತ್ತು ಕಾಫಿಯೊಳಗೆ ಮುಳುಗಿಹೋಯಿತು. 'ಪ್ರಶ್ನೆ? ವಿದ್ಯಾರ್ಥಿಗಳಿಗಾ? ಆದರೆ ಮೇಡಂ, ಇವತ್ತು ಪ್ರಶ್ನೆ ಕೇಳೋದು ಕಲಿಸಿದ್ರೆ ನಾಳೆ ಬಂದು ಫಲಿತಾಂಶ ಯಾಕೆ ತಡ ಅಂತ ಕೇಳ್ತಾರೆ. ನಾಳಿದ್ದು ಮಾರ್ಕ್ಸ್ ಯಾಕೆ ಕಮ್ಮಿ ಅಂತ ಕೇಳ್ತಾರೆ. ಪ್ರಶ್ನೆ ಕೇಳೋದು ನಮ್ಮ ವಿಭಾಗದ ಕೆಲಸ. ಅವರದ್ದು ಉತ್ತರ ಬರೆಯೋದು. ಇಷ್ಟು ಕಾಲ ಹಾಗೇ ನಡೆದುಬಂದಿದೆ.'

'ಮೇಷ್ಟ್ರೇ,' ಎಂದರು ಡೀನ್ ಮೇಡಂ, ಮುಖ ಬಾಡಿಸಿಕೊಂಡು. 'ನೀವು ಆಲಿಸೋರು ಅಂದುಕೊಂಡಿದ್ದೆ.'

ಆಗ ಬಾಗಿಲು ತೆರೆಯಿತು. 'ಕ್ಷಮಿಸಿ ಮೇಡಂ, ಬಸ್ಸು ತಡವಾಯ್ತು' ಎನ್ನುತ್ತ ವಿದ್ಯಾರ್ಥಿ ಪ್ರತಿನಿಧಿ ಒಳಗೆ ಬಂದು ಖಾಲಿ ಕುರ್ಚಿಯಲ್ಲಿ ಕೂತಳು. ಕಾಲಲ್ಲಿ ಬೂಟು, ಹೆಗಲಲ್ಲಿ ಚೀಲ.

ಮೇಷ್ಟ್ರು ಮೊದಲು ಬೂಟು ನೋಡಿದರು. ಗುರುತು ಸಿಕ್ಕಿತು. ಚೀಲ ನೋಡಿದರು. ಅದೂ ಸಿಕ್ಕಿತು. ಮುಖ ನೋಡಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ಚೀಲದಲ್ಲೇ ನಿಂತರು.

'ನೀನಾ?'

'ಹೂಂ,' ಎಂದಳು ಅವರ ಹೆಂಡತಿ. ಗಿಡ್ಡ ಹೂಂ.

ಡೀನ್ ಮೇಡಂಗೆ ಆಶ್ಚರ್ಯ. 'ಮೇಷ್ಟ್ರೇ, ನಿಮ್ಮ ಮನೆಯವರು ನಮ್ಮ ಸಂಜೆ ಕಾಲೇಜಲ್ಲಿ ಓದ್ತಿರೋದು, ಪ್ರತಿನಿಧಿಯಾಗಿ ಗೆದ್ದಿದ್ದು ನಿಮಗೆ ಗೊತ್ತಿಲ್ವಾ? ನಿನ್ನೆ ತಾನೆ ಸಭೆ ಇದೆ ಅಂತ ಫೋನ್ ಮಾಡಿದ್ದೆ.'

'ನಾನು ಹೇಳಿದ್ದೆ ಮೇಡಂ,' ಎಂದಳು ಹೆಂಡತಿ. 'ಅರ್ಜಿ ಹಾಕಿದಾಗ ಹೇಳ್ದೆ. ಸೀಟು ಸಿಕ್ಕಿದಾಗ ಹೇಳ್ದೆ. ಚುನಾವಣೆಗೆ ನಿಂತಾಗ ಹೇಳ್ದೆ, ಗೆದ್ದಾಗ ಇನ್ನೂ ಸ್ವಲ್ಪ ಜೋರಾಗಿ ಹೇಳ್ದೆ. ಎಲ್ಲಕ್ಕೂ ಹೂಂ ಅಂದಿದ್ದಾರೆ. ಅವರ ಒಪ್ಪಿಗೆ ಇಲ್ಲದೆ ನಾನು ಏನೂ ಮಾಡಿಲ್ಲ.'

ವ್ಯಾಕರಣದವರು ಮುಖದ ಮುಂದೆ ಕಾರ್ಯಸೂಚಿ ಹಿಡಿದುಕೊಂಡರು. ಕಾರ್ಯಸೂಚಿ ಅಲುಗಾಡುತ್ತಿತ್ತು.

'ಆದರೆ ಇದು ನಿಯಮಕ್ಕೆ ವಿರುದ್ಧ,' ಎಂದರು ಆದರೆ ಸಾಹೇಬರು. 'ಗಂಡನ ಕೋರ್ಸಿಗೆ ಹೆಂಡತಿ ಮತ ಹಾಕಿದ್ರೆ ಪಕ್ಷಪಾತ ಆಗಲ್ವಾ?'

'ಆಗುತ್ತೆ ಸಾರ್,' ಎಂದಳು ಅವಳು. 'ಯಾರ ಪರ ಆಗುತ್ತೆ ಅಂದುಕೊಂಡಿದ್ದೀರಿ?'

ಸಾಹೇಬರು ಅವಳ ಮುಖ ನೋಡಿದರು. ನೋಡಿ, ಧೂಳು ಒರೆಸಿದ ಕುರ್ಚಿಗೆ ಇವಳಿಂದ ತೊಂದರೆಯಿಲ್ಲ ಎಂದು ಖಾತ್ರಿಯಾಗಿ, ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಂಡರು.

'ನಾನು ಒಂದು ಪ್ರಶ್ನೆ ಕೇಳ್ಬಹುದಾ ಮೇಡಂ?' ಎಂದಳು. ಮೇಡಂ ಕೈಸನ್ನೆ ಮಾಡಿದರು. ಅವಳು ಮೇಜಿನಾಚೆಗೆ ನೋಡಿದಳು. 'ಮೇಷ್ಟ್ರೇ, ನಾನು ದಿನಾ ಸಂಜೆ ಎಲ್ಲಿಗೆ ಹೋಗ್ತೀನಿ ಅಂದುಕೊಂಡಿದ್ರಿ?'

'ವಾಕಿಂಗ್.'

'ಯಾವ ವಿಷಯ ಓದ್ತಿದ್ದೀನಿ, ಈಗಲಾದ್ರೂ ಊಹೆ ಮಾಡ್ತೀರಾ?'

ಮೇಷ್ಟ್ರು ಸಹಾಯಕ್ಕಾಗಿ ಸುತ್ತ ನೋಡಿದರು. ಗೋಡೆ ನೋಡಿದರು, ಫ್ಯಾನು ನೋಡಿದರು, ಕಡೆಗೆ ತಮ್ಮ ಹಾಳೆಗಳನ್ನು ನೋಡಿದರು. ಹಾಳೆಗಳ ಮೇಲೆ ಬೆಳ್ಳಗೆ, ಅಂಚಿನಲ್ಲಿ ಮಿಣಮಿಣ ಎನ್ನುತ್ತ, ಉತ್ತರ ಕೂತಿತ್ತು. ಕಿಟಕಿ ಕಟ್ಟೆ, ಟಿವಿಯ ಪಕ್ಕ, ಚಪ್ಪಲಿ, ಎಲ್ಲವೂ ಒಟ್ಟಿಗೆ ಬಂದು ತಲೆಯ ಮೇಲೆ ಬಿದ್ದವು.

'ಕಲ್ಲಾ?' ಎಂದರು.

'ಭೂವಿಜ್ಞಾನ,' ಎಂದಳು ಅವಳು.

ಈ ಹಂತದಲ್ಲಿ ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳುತ್ತಿದ್ದರು. ಕೇಳುವುದರಲ್ಲಿ ಅದೂ ಒಂದು ಬಗೆ. ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ಅವರು ಕಲ್ಲನ್ನು ಕೈಗೆತ್ತಿಕೊಂಡು ತಿರುಗಿಸಿದರು. ಹಾಳೆಗಳು ಫ್ಯಾನಿನ ಗಾಳಿಗೆ ಹಾರಿಹೋದವು. ಯಾರೂ ಹಿಡಿಯಲಿಲ್ಲ.

'ಇದು ಯಾಕೆ ಇಲ್ಲಿ ಮಾತ್ರ ಹೊಳೆಯುತ್ತೆ?'

'ಅದು ಅಭ್ರಕ. ಉಳಿದದ್ದು ಬೆಣಚು. ಎರಡೂ ಒಟ್ಟಿಗೆ ತಣ್ಣಗಾಗಿ ಗಟ್ಟಿಯಾದದ್ದು.'

'ಎಲ್ಲಿ ಸಿಕ್ತು?'

'ನೀರಿನ ಟ್ಯಾಂಕ್ ಹಿಂದೆ, ಗುಡ್ಡ ಕಡಿದಿದ್ದಾರಲ್ಲ, ಅಲ್ಲಿ. ನಮ್ಮ ಭೂವಿಜ್ಞಾನದ ಮೇಷ್ಟ್ರು ಎಲ್ಲರನ್ನೂ ಕರ್ಕೊಂಡು ಹೋಗಿದ್ರು. ನಮ್ಮ ಕ್ಲಾಸಲ್ಲಿ ನಾನೇ ದೊಡ್ಡವಳು. ಗುಡ್ಡ ಹತ್ತೋವಾಗ ಎಲ್ಲರಿಗಿಂತ ಹಿಂದೆ ಇದ್ದೆ, ಅದಕ್ಕೇ ಇದು ಕಾಲಿಗೆ ಸಿಕ್ತು. ಮುಂದೆ ಓಡಿದೋರಿಗೆ ಯಾರಿಗೂ ಸಿಗ್ಲಿಲ್ಲ.'

'ಮೊದಲು ಯಾಕೆ ಓದಲಿಲ್ಲ ನೀನು?'

ಅವಳು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಮೇಷ್ಟ್ರು ಕಾದರು. ಉತ್ತರ ಕೊಡುವವರು ಸುಮ್ಮನಾದಾಗ ಮುಂದಿನ ಪ್ರಶ್ನೆಗೆ ಹಾರಬಾರದು, ಕಾಯಬೇಕು, ಎಂದು ಅವರೇ ತಮ್ಮ ಕೋರ್ಸಿನ ಮೂರನೇ ಪಾಠದಲ್ಲಿ ಬರೆದಿದ್ದರು. ಬರೆದವರೇ ಅದನ್ನು ಮಾಡಿ ನೋಡಿದ್ದು ಇದೇ ಮೊದಲು.

'ಯಾರೂ ಕೇಳ್ಲಿಲ್ಲ,' ಎಂದಳು ಅವಳು. 'ಓದ್ತೀಯಾ ಅಂತ ಯಾರೂ ಕೇಳ್ಲಿಲ್ಲ. ನಾನು ಹೇಳಿದ್ದನ್ನೂ ಯಾರೂ ಕೇಳ್ಲಿಲ್ಲ. ಕೊನೆಗೆ ನನ್ನ ಮಾತು ನಾನೇ ಕೇಳೋದು ಅಂತ ಹೋಗಿ ಸೇರ್ಕೊಂಡೆ.'

ಒಂದೇ ಉಸಿರಿನಲ್ಲಿ ಮೂರೂ ಅರ್ಥಗಳು ಬಂದು ಹೋದದ್ದನ್ನು ಕಂಡು ವ್ಯಾಕರಣದವರು ಕಾರ್ಯಸೂಚಿ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. 'ಇಂಥ ಉದಾಹರಣೆ ನಮ್ಮ ಪಠ್ಯಪುಸ್ತಕದಲ್ಲೇ ಇಲ್ಲ,' ಎಂದರು.

ಮೇಷ್ಟ್ರು ಇನ್ನೂ ನಿಲ್ಲಿಸಿರಲಿಲ್ಲ. 'ಇಷ್ಟ ಆಗ್ತಿದೆಯಾ? ಒಂದರಿಂದ ಐದರೊಳಗೆ?'

'ಆರು,' ಎಂದಳು ಹೆಂಡತಿ.

'ಆರು ಇಲ್ಲ.'

'ನೀವು ಕೇಳಿದ್ರಿ, ನಾನು ಹೇಳ್ದೆ. ಆರು.'

ಮೇಷ್ಟ್ರ ಜೀವಮಾನದ ಶಾಸ್ತ್ರ ಒಂದು ಕ್ಷಣ ತತ್ತರಿಸಿ, ಆಮೇಲೆ ತಲೆಬಾಗಿತು. 'ಆರು,' ಎಂದು ಒಪ್ಪಿಕೊಂಡರು.

ಡೀನ್ ಮೇಡಂ ಮೇಜು ಬಡಿದರು. 'ಮತಕ್ಕೆ ಹಾಕೋಣ. ಇದು ಕೇಳೋದೋ, ಕೇಳೋದೋ, ನನಗಂತೂ ಈಗ ವ್ಯತ್ಯಾಸ ಗೊತ್ತಾಗ್ತಿಲ್ಲ. ನಾನು ಪರ.'

'ಆದರೆ ನಾನು ವಿರುದ್ಧ.'

ವ್ಯಾಕರಣದವರು ತಾವು ಪದದ ಪರ, ಬೋಧಕರ ವಿರುದ್ಧ, ಆದ್ದರಿಂದ ತಟಸ್ಥ ಎಂದರು. ಉಳಿದದ್ದು ವಿದ್ಯಾರ್ಥಿ ಪ್ರತಿನಿಧಿ. ಮೇಷ್ಟ್ರು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಕಿಟಕಿ, ಮೈದಾನ, ಬೀರು, ಎಲ್ಲವೂ ಆ ಬೂಟಿನ ಪಾದಗಳ ಬಳಿ ಹೋಗಿ ಕೂತಿದ್ದವು.

'ಕೋರ್ಸು ಇರ್ಲಿ ಮೇಡಂ. ಶೀರ್ಷಿಕೆಯೂ ಹಾಗೇ ಇರ್ಲಿ, ಬೋಗಿ ಗೀಗಿ ಏನೂ ಸೇರಿಸೋದು ಬೇಡ. ಒಂದು ಷರತ್ತು. ಪ್ರತಿ ಕೋರ್ಸಿಗೂ ಮೊದಲೇ ಇರಬೇಕಾದ ಅರ್ಹತೆ ಅಂತ ಒಂದು ಕಾಲಂ ಇದೆ. ಇವರು ಖಾಲಿ ಬಿಟ್ಟಿದ್ದಾರೆ. ಅಲ್ಲಿ ಬರೀರಿ: ಬೋಧಕರು ದಿನಾ ಮನೆಯಲ್ಲಿ ಅಭ್ಯಾಸ ಮಾಡಬೇಕು. ಅಂಕ ನಾನು ಹಾಕ್ತೀನಿ.'

'ಹೂಂ ಅಂದ್ರೆ?' ಎಂದರು ಮೇಡಂ, ಕಣ್ಣು ಮಿಟುಕಿಸಿ.

'ಸೊನ್ನೆ.'

ನಿರ್ಣಯ ಅಂಗೀಕಾರವಾಯಿತು. ಆದರೆ ಸಾಹೇಬರು ನೆಲಮಾಳಿಗೆಗೆ ಇಳಿದು ಹೋಗಿ ಆ ಕುರ್ಚಿಯ ಮೇಲೆ ಉತ್ತರಪತ್ರಿಕೆಯ ಕಟ್ಟುಗಳನ್ನು ಇಟ್ಟರೆಂದು ಕೇಳಿದ್ದೇವೆ.

ಗಂಡ ಹೆಂಡತಿ ನಡೆದೇ ಮನೆಗೆ ಬಂದರು. ದಾರಿಯುದ್ದಕ್ಕೂ ಅವಳು ಕಲ್ಲಿನ ವಿಷಯ ಹೇಳಿದಳು. ಪಾದಚಾರಿ ದಾರಿಗೆ ಹಾಸಿದ್ದು ಯಾವ ಕಲ್ಲು, ಬ್ಯಾಂಕಿನ ಮೆಟ್ಟಿಲಿನದು ಯಾವುದು, ಯಾವುದು ಬೆಂಕಿಯಲ್ಲಿ ಹುಟ್ಟಿದ್ದು, ಯಾವುದು ನೀರಿನಲ್ಲಿ ಕೂತದ್ದು. ಮೇಷ್ಟ್ರಿಗೆ ಹಲವು ಸಲ ಹೂಂ ಗಂಟಲಿನ ತನಕ ಬಂತು. ನುಂಗಿಕೊಂಡು, 'ಆಮೇಲೆ?' ಎಂದರು. ನುಂಗಿದ ಹೂಂಗಳಿಂದ ಮನೆ ಸೇರುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿದಂತಾಗಿತ್ತು. ಆದರೂ ಇಷ್ಟು ವರ್ಷದಲ್ಲಿ ಬ್ಯಾಂಕಿನ ಮೆಟ್ಟಿಲನ್ನು ಅವರು ಹೀಗೆ ಬಗ್ಗಿ ನೋಡಿದ್ದಿಲ್ಲ.

ಅತ್ತೆಯವರು ಗೇಟಿನಲ್ಲೇ ನಿಂತಿದ್ದರು. 'ಏನಾಯ್ತು? ಪಾಸಾ?'

'ಕೋರ್ಸು ಪಾಸಾಯ್ತಮ್ಮ,' ಎಂದಳು ಮಗಳು. 'ಮೇಷ್ಟ್ರದ್ದು ಇನ್ನೂ ಫಲಿತಾಂಶ ಬಂದಿಲ್ಲ.'

ಹಿತ್ತಿಲಿನಿಂದ ನಾಯಿ ಬೊಗಳಿತು. ಮೇಷ್ಟ್ರು ನಿಂತರು. ಹೊಸದಾಗಿ ತೆರೆದುಕೊಂಡ ಕಿವಿಗೆ ಆ ಸದ್ದು ಬಹಳ ಹತ್ತಿರದಿಂದ ಬಂದಂತಿತ್ತು.

'ಡಾಕ್ಟ್ರು ಯಾವಾಗ ನಾಯಿ ತಂದ್ರು?'

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

'ಅಳಿಯಂದ್ರೇ,' ಎಂದರು ಅತ್ತೆ, ಬಹಳ ಮೆತ್ತಗೆ. 'ನಾಯಿ ಡಾಕ್ಟ್ರದ್ದಲ್ಲ. ನಮ್ಮದು. ತರ್ಲಾ ಅಂತ ನಿಮ್ಮನ್ನ ಕೇಳಿದ್ದೆ. ಉದ್ದಕ್ಕೆ ಹೂಂ ಅಂದ್ರಿ. ಉದ್ದಕ್ಕೆ ಅಂದ್ರಲ್ಲ, ಬಹಳ ಇಷ್ಟ ಇರ್ಬೇಕು ಅಂತ ಎರಡು ತಂದೆ.'

ಮೇಷ್ಟ್ರು ಹೆಂಡತಿಯನ್ನು ನೋಡಿದರು. ಅವಳು ಅಂಕ ಹಾಕುವವಳ ಗಾಂಭೀರ್ಯದಿಂದ ಅವರನ್ನು ನೋಡುತ್ತಿದ್ದಳು. ಅವರು ಮನೆಯ ಪಕ್ಕದಿಂದ ಹಿತ್ತಿಲಿಗೆ ಹೋದರು. ಕಂದು ಬಣ್ಣದ್ದೊಂದು, ಕಪ್ಪು ಬಣ್ಣದ್ದೊಂದು, ಎರಡೂ ಎದ್ದು ನಿಂತು ಬಾಲ ಅಲ್ಲಾಡಿಸಿದವು. ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಕ್ರಮಬದ್ಧವಾಗಿ ಕೇಳಿದರು:

'ಯಾವಾಗಿನಿಂದ ಇದ್ದೀರಿ?'

ನಾಯಿಗಳು ಒಟ್ಟಿಗೆ ಬೊಗಳಿದವು. ಬಹಳ ದಿನದಿಂದ ತುಂಬಿಕೊಂಡಿದ್ದವೆಂದು ಕಾಣುತ್ತದೆ, ಬೇಗ ಮುಗಿಯಲಿಲ್ಲ. ಮೇಷ್ಟ್ರು ನಡುವೆ ಬಾಯಿ ಹಾಕದೆ, ಕೊನೆಯವರೆಗೂ ಕೇಳಿದರು.